ತಿದ್ದಿಸದ ಸುದ್ದಿ

ಹೊನ್ನಾಳಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ಅಂಬಿಕಾ ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯವಳು. ಪಿಎಚ್‌ಡಿಗಾಗಿ ಆರು ವರ್ಷ ಅವಳು ಬೆನ್ನು ಹತ್ತಿದ್ದು ಒಂದೇ ವಿಷಯವನ್ನು. ಜೀವಕೋಶದ ಮೈಮೇಲೆ ರಿಸೆಪ್ಟರ್‌ಗಳಿರುತ್ತವೆ. ಬೆಳೆಯಬೇಕೆಂಬ ಸೂಚನೆ ಹೊರಗಿನಿಂದ ಬಂದಾಗ ಅವು ಕಿಣ್ವದ ಕೆಲಸ ಮಾಡಿ ಅದನ್ನು ಒಳಕ್ಕೆ ದಾಟಿಸುತ್ತವೆ. ಆ ಹೊತ್ತಿಗೆ ಕೋಶವೇ ಒಂದಿಷ್ಟು ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸಿಕೊಳ್ಳುತ್ತದೆ. ರಿಸೆಪ್ಟರಿನಲ್ಲಿ ಗಂಧಕವಿರುವ ಒಂದು ಜಾಗ ಅದರಿಂದ ಉತ್ಕರ್ಷಣೆಗೊಂಡರೆ ಕಿಣ್ವದ ಕೆಲಸ ಇನ್ನೂ ಚುರುಕಾಗುತ್ತದೆ. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಆ ಚುರುಕು ಇಳಿಯುವುದೇ ಇಲ್ಲ. ಅಂಬಿಕಾ ಅಳೆದು ತೋರಿಸಿದ್ದು ಅದನ್ನು.

ಪದವಿ ಬಂದಾಗ ಸಣ್ಣ ಪತ್ರಿಕೆಯೊಂದು ಅವಳ ಫೋಟೋ ಹಾಕಿ, 'ಕ್ಯಾನ್ಸರ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಮದ್ದು: ಗೋವಿನಕೋವಿ ಯುವತಿಯ ಸಾಧನೆ' ಎಂದು ಬರೆಯಿತು. ಅವಳು ಕಂಡದ್ದಕ್ಕೆ ಪೂರಾ ಉಲ್ಟಾ. ಫೋನ್ ಮಾಡಿ ತಿದ್ದಿಸಬೇಕು ಅಂದುಕೊಂಡಳು. ಅಷ್ಟರಲ್ಲಿ ಅಪ್ಪ ವಿರೂಪಾಕ್ಷಪ್ಪ ಆ ಪುಟವನ್ನು ಊರೆಲ್ಲ ತೋರಿಸಿ ಬಂದಿದ್ದರು. ಅವರ ಮುಖ ನೋಡಿ ಸುಮ್ಮನಾದಳು.

ನಾಲ್ಕು ವರ್ಷದ ಮೇಲೆ, ಜಗಳೂರಿನಲ್ಲಿದ್ದ ಅವಳ ಚಿಕ್ಕಮ್ಮ ಗಾದ್ರಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ದಾವಣಗೆರೆಯ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಅಂಬಿಕಾ ಓದಿದ್ದ ಅದೇ ರಿಸೆಪ್ಟರನ್ನು ತಡೆಯುವ ಮಾತ್ರೆ. ಆರು ತಿಂಗಳಲ್ಲಿ ಕೆಮ್ಮು ನಿಂತಿತು. ಗಾದ್ರಮ್ಮ ಮತ್ತೆ ಹೊಲಕ್ಕೆ ಹೋಗಿ ಶೇಂಗಾ ಬಿಡಿಸುವಷ್ಟಾದಳು. ಆಮೇಲೆ ಕೆಮ್ಮು ಮರಳಿತು.

ಒಂದು ಭಾನುವಾರ ಅಂಬಿಕಾ ಜಗಳೂರಿಗೆ ಹೋದಳು. ಕಿಟಕಿಯಲ್ಲಿ ಒಡೆಯದ ಮಾತ್ರೆ ಹಾಳೆಗಳಿದ್ದವು. ಪಕ್ಕದಲ್ಲೊಂದು ಕಂದು ಸೀಸೆ.

"ಯಾಕೆ ಚಿಕ್ಕಮ್ಮ, ಮಾತ್ರೆ ನುಂಗ್ತಿಲ್ವಾ?"

"ಅದನ್ನ ನುಂಗಿದ್ರೆ ಮೈಯೆಲ್ಲ ಗುಳ್ಳೆ ಏಳ್ತಾವೆ, ಭೇದಿ ನಿಲ್ಲಾದೇ ಇಲ್ಲ. ನಿನ್ ಔಷಧೀನೇ ಐತಲ್ಲ, ಎರಡೂವರೆ ತಿಂಗಳಿಂದ ನೀರಿಗೆ ಹನಿ ಹಾಕ್ಕೊಂಡು ಅದನ್ನೇ ಕುಡೀತಿದೀನಿ."

"ನನ್ ಔಷಧೀನಾ?"

"ಚನ್ನಗಿರ್ಯಾಗೆ ಷಣ್ಮುಖಪ್ಪ ಅಂತ ಕೊಡ್ತಾರೆ ಕಣವ್ವ. ಗೋಡೆ ಮ್ಯಾಲೆ ನಿನ್ ಫೋಟೋ ಇರೋ ಪೇಪರ್ ಹಾಕ್ಯಾರೆ. ನೀನು ಕಂಡು ಹಿಡಿದದ್ದು ಅಂತ ಓದಿ ಹೇಳಿದ್ರು. ವಾಸಿಯಾದ ಮ್ಯಾಲೆ ಬಂದು ನಿನ್ಗೆ ತೋರಿಸಾನ ಅಂತ ಸುಮ್ನಿದ್ದೆ."

ಅಂಬಿಕಾ ಸೀಸೆಯಿಂದ ಒಂದು ಹನಿ ಬೆರಳಿಗೆ ಹಾಕಿಕೊಂಡಳು. ಚರ್ಮ ಬೆಳ್ಳಗಾಗಿ ಚುರುಗುಟ್ಟಿತು. ಪೆರಾಕ್ಸೈಡಿನ ಆ ಉರಿ ಲ್ಯಾಬಿನ ದಿನಗಳಿಂದಲೇ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇದನ್ನ ಕುಡಿದ್ರೆ ಹೊಟ್ಟೆ, ಕರುಳು ಸುಡುತ್ತೆ ಚಿಕ್ಕಮ್ಮ. ಗಡ್ಡೆಗೇನೂ ಆಗಲ್ಲ. ನಾನು ಬರೆದದ್ದೇ ಬೇರೆ. ಮಾತ್ರೆ ಬಿಟ್ಟಿದ್ದಕ್ಕೇ ಕೆಮ್ಮು ಬಂದಿರೋದು."

ಗಾದ್ರಮ್ಮ ಅವಳನ್ನೇ ನೋಡಿದಳು. "ಪೇಪರ್‌ನಾಗೆ ಸುಳ್ಳು ಹಾಕ್ತಾರಾ? ಹಾಕಿದ್ರೆ ನೀನು ಸುಮ್ಕಿರ್ತಿದ್ಯಾ?"

ಅಂಬಿಕಾ ಹಾಳೆಯಿಂದ ಒಂದು ಮಾತ್ರೆ ಬಿಡಿಸಿ ನೀರಿನ ಜೊತೆ ಅವಳ ಕೈಗಿಟ್ಟಳು.

ಮರುದಿನ ರಜೆ ಹಾಕಿ ಚನ್ನಗಿರಿಗೆ ಹೋದಳು. ಬಸ್ ಸ್ಟ್ಯಾಂಡ್ ಹಿಂದಿನ ಒಂದು ಕೋಣೆ. ಪತ್ರಿಕೆಯ ಆ ಪುಟವನ್ನು ದೊಡ್ಡದು ಮಾಡಿಸಿ ಗಾಜು ಹಾಕಿಸಿದ್ದರು. ಅವಳನ್ನು ಕಂಡು ಷಣ್ಮುಖಪ್ಪ ಎದ್ದು ನಿಂತ.

"ಬರ್ರಿ ಮೇಡಂ, ನಮ್ಮ ಪುಣ್ಯ."

"ಅದನ್ನ ಕೆಳಗಿಳಿಸ್ರಿ. ಅದರಲ್ಲಿರೋದು ಸುಳ್ಳು."

"ಐದು ವರ್ಷ ಆಗ್ತಾ ಬಂತಲ್ಲ. ಸುಳ್ಳಾಗಿದ್ರೆ ನೀವು ಆವಾಗ್ಲೇ ತಿದ್ದಿಸಬೇಕಿತ್ತು," ಎಂದ ಅವನು, ದನಿ ಏರಿಸದೆ.

ಬೆಂಚಿನ ಮೇಲೆ ಉಬ್ರಾಣಿಯ ಮಲ್ಲೇಶಪ್ಪ ಎಂಬವರು ಕಾಯಿಲೆಯ ಹೆಂಡತಿಯನ್ನು ಕೂರಿಸಿಕೊಂಡು ಕಾದಿದ್ದರು. ಫೋಟೋ ನೋಡಿದರು, ಅವಳನ್ನು ನೋಡಿದರು, ಕೈಮುಗಿದರು. ಇದು ಔಷಧಿಯಲ್ಲ, ಆಸ್ಪತ್ರೆಗೆ ಹೋಗಿ ಎಂದು ಅಂಬಿಕಾ ಹೇಳಿದಾಗ ಅವರ ಮುಖ ಗಂಟಾಯಿತು.

"ಆಸ್ಪತ್ರೆಯೋರೇ ಮನೆಗೆ ಕರ್ಕೊಂಡು ಹೋಗ್ರಿ ಅಂದಿದಾರೆ ತಾಯಿ. ಇದೂ ಇಲ್ಲ ಅಂದ್ರೆ ಎಲ್ಲಿಗೆ ಹೋಗಾಕೆ ಹೇಳ್ತೀರಿ?"

ಅವಳು ಆರೋಗ್ಯಾಧಿಕಾರಿಗೆ ದೂರು ಬರೆದಳು. ಕೋಣೆಗೆ ಬೀಗ ಬಿತ್ತು. ಷಣ್ಮುಖಪ್ಪ ಊರು ಬಿಟ್ಟ. ಪತ್ರಿಕೆಯವರು ಒಳಪುಟದಲ್ಲಿ ಮೂರು ಸಾಲಿನ ತಿದ್ದುಪಡಿ ಹಾಕಿದರು. ಅದನ್ನು ಓದಿದೆ ಎಂದವರು ಅವಳಿಗೆ ಒಬ್ಬರೂ ಸಿಗಲಿಲ್ಲ.

ಗಾದ್ರಮ್ಮ ಹನಿ ಬಿಟ್ಟು ಮಾತ್ರೆ ಮತ್ತೆ ನುಂಗತೊಡಗಿದಳು. ಆದರೆ ಅಷ್ಟರಲ್ಲಿ ಕ್ಯಾನ್ಸರ್ ಯಕೃತ್ತಿಗೆ ಹರಡಿತ್ತು. ಮಾತ್ರೆ ಬಿಡದಿದ್ದರೆ ಉಳಿಯುತ್ತಿದ್ದಳೇ ಎಂದು ಅಂಬಿಕಾ ಕೇಳಿದಳು. "ಇನ್ನಷ್ಟು ತಿಂಗಳು ಸಿಗ್ತಿದ್ವೇನೋ," ಎಂದರು ಡಾಕ್ಟರು. ಬೇಸಿಗೆ ಹೊಕ್ಕ ವಾರವೇ ಗಾದ್ರಮ್ಮ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಚಿಕ್ಕಪ್ಪ ರಂಗಣ್ಣ ಜಗಲಿಯ ಮೇಲೆ ನೆಂಟರ ನಡುವೆ ಕುಳಿತಿದ್ದರು. ಅಂಬಿಕಾ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಳು. ಅವರು ಅವಳ ಕಡೆ ತಿರುಗಲಿಲ್ಲ.

"ಆ ಹನಿ ಕುಡೀತಿದ್ದಾಗ ಚಲೋನೇ ಇದ್ಲು," ಎಂದರು ನೆಂಟರಿಗೆ. "ಇವಳೇ ಕಂಡು ಹಿಡಿದದ್ದು. ಇವಳೇ ಬಿಡಿಸಿದ್ಲು."

ಅಂಬಿಕಾ ಚೊಂಬನ್ನು ಅವರ ಮುಂದಿಟ್ಟಳು. ರಂಗಣ್ಣ ಅದನ್ನು ಮುಟ್ಟದೆ ಎದ್ದು ಒಳಗೆ ಹೋದರು.