ನಾಲ್ಕರಿಂದ ಏಳರವರೆಗೆ

ಬೇಕರಿಯವನಿಗೆ ಮಗಳು ಸಿಗುತ್ತಿದ್ದದ್ದು ದಿನಕ್ಕೆ ಮೂರೇ ಗಂಟೆ. ನಸುಕಿನ ಎರಡಕ್ಕೆ ಎದ್ದು ಹಿಟ್ಟು ಕಲಸಲು ಹೋಗುವ ಮನುಷ್ಯ ಸಂಜೆ ಏಳಕ್ಕೆ ಮಲಗದಿದ್ದರೆ ಮರುದಿನ ಬ್ರೆಡ್ಡಿನ ಜೊತೆ ಅವನ ಕೈಯೂ ಬೇಯುತ್ತದೆ. ಮಗಳು ಶಾಲೆಯಿಂದ ಬರುತ್ತಿದ್ದದ್ದು ನಾಲ್ಕಕ್ಕೆ. ಬಂದವಳೇ ಅವನ ಹುಬ್ಬಿನಲ್ಲಿ ಉಳಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ ತರಗತಿಯ ಚಾಡಿಗಳನ್ನೆಲ್ಲ ಒಪ್ಪಿಸುವಳು. ಇವನು ಮೈಯೆಲ್ಲ ಕಿವಿಯಾಗಿ ಕೂರುವನು. ಲೆಕ್ಕ ಕೇಳಿದರೆ ಮಾತ್ರ ನೀರು ಕುಡಿಯುವ ನೆಪ ಹೇಳಿ ಎದ್ದುಬಿಡುವನು. ಆ ಮೂರು ಗಂಟೆಗಾಗಿಯೇ ಅವನು ಉಳಿದ ಇಪ್ಪತ್ತೊಂದು ಗಂಟೆ ದೂಡುತ್ತಿದ್ದ ಎಂದರೆ ಹೆಂಡತಿಗೆ ಸಿಟ್ಟು ಬರುತ್ತಿತ್ತು, ಆದರೂ ನಿಜ ಅದೇ.

ಈಗ ಆ ಲೆಕ್ಕವೇ ಕುತ್ತಿಗೆಗೆ ಬಂದಿತ್ತು. ಹಳೆಯ ಶಾಲೆಯ ಲೆಕ್ಕದ ಮೇಷ್ಟ್ರು ಬಿಟ್ಟುಹೋಗಿ ವರ್ಷವಾಗಿತ್ತು. ಹೊಸಬರ ಸುದ್ದಿಯೇ ಇಲ್ಲ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತೇ, ಬಟ್ಟೆ ಕೊಡಲು ಬಂದವರನ್ನೆಲ್ಲ ವಿಚಾರಿಸಿ, ಊರಾಚೆಯ ಖಾಸಗಿ ವಸತಿ ಶಾಲೆಯೊಂದನ್ನು ಆರಿಸಿದ್ದಳು. ಹುಡುಗಿ ಪ್ರವೇಶ ಪರೀಕ್ಷೆ ಎಷ್ಟು ಚೆನ್ನಾಗಿ ಬರೆದಳೆಂದರೆ ಶಾಲೆಯವರು ಫೀಸು ಬಿಟ್ಟರು. ವಸತಿ ಶಾಲೆ ಎಂದ ಕೂಡಲೇ ಅಪ್ಪನ ಎದೆ ಧಸಕ್ಕೆಂದಿತ್ತು.

"ಅಯ್ಯೋ, ಡೇ ಸ್ಕಾಲರ್ ಆಗಿ ಕಣ್ರೀ. ದಿನಾ ಮನೆಗೇ ಬರ್ತಾಳೆ" ಎಂದು ಹೆಂಡತಿ ಹೇಳಿದ ಮೇಲೆ ಹೋದ ಜೀವ ಬಂತು.

ಮೂವರೂ ಶಾಲೆ ನೋಡಲು ಹೋದ ದಿನ ವಾರ್ಡನ್ ಮೇಡಂ ಸಾಲು ಮಂಚಗಳ ಕೋಣೆ ತೋರಿಸಿದರು. 'ಇದೊಂದೂ ನಮ್ಮವಳಿಗೆ ಬೇಡ' ಎಂದು ಅವನು ಒಳಗೊಳಗೇ ಬೀಗಿದ. ಊಟದ ಮನೆಯಲ್ಲಿ ಬ್ರೆಡ್ಡು ಒತ್ತಿ ನೋಡಿ, ಎರಡು ದಿನದ್ದು ಎಂದು ಮೂಗು ಮುರಿದ. ಆಗಲೇ ಗೋಡೆಯ ವೇಳಾಪಟ್ಟಿ ಕಣ್ಣಿಗೆ ಬಿತ್ತು. ನಾಲ್ಕಕ್ಕೆ ಆಟ. ಆರರಿಂದ ಏಳೂವರೆ ಓದು. ಆಮೇಲೆ ಊಟ. ಎಂಟಕ್ಕೆ ವ್ಯಾನು.

"ಇದು ಹಾಸ್ಟೆಲ್ ಮಕ್ಕಳದ್ದಲ್ವಾ ಮೇಡಂ?"

"ಎಲ್ಲರದ್ದೂ. ಡೇ ಸ್ಕಾಲರ್‌ಗಳಿಗೆ ಇಲ್ಲಿ ಮಂಚ ಇರಲ್ಲ, ಅಷ್ಟೇ ವ್ಯತ್ಯಾಸ."

"ನಾಲ್ಕಕ್ಕೇ ಕಳಿಸೋಕಾಗಲ್ವಾ?"

"ಸಂಜೆ ಓದಿಸ್ತೀವಿ ಅಂತಾನೇ ಎಲ್ಲರೂ ಇಲ್ಲಿಗೆ ಬರೋದು. ಲೆಕ್ಕದ ಮೇಷ್ಟ್ರು ಮಕ್ಕಳ ಜೊತೆ ಕೂರೋದೇ ಆಗ. ಶನಿವಾರಾನೂ ಹೀಗೇ. ಭಾನುವಾರ ರಜ."

ಭಾನುವಾರ ಬೇಕರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂದು ಅವನು ಮನೆ ಸೇರುವುದೇ ಮಲಗುವ ಹೊತ್ತಿಗೆ. ಅವನ ರಜ ಮಂಗಳವಾರ.

"ಮಾಲೀಕರನ್ನ ಕೇಳಿ ಹಗಲು ಕೆಲಸ ತಗೊಳ್ಳಿ" ಎಂದಳು ಹೆಂಡತಿ, ದನಿ ತಗ್ಗಿಸಿ.

"ಬೆಳಗ್ಗೆ ತಿನ್ನೋ ಬ್ರೆಡ್ಡನ್ನ ಹಗಲು ಸುಡ್ತಾರೇನೇ?"

ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮೇಡಂ ಹೇಳಿದ್ದರಲ್ಲಿ ತಪ್ಪಿಲ್ಲ, ಹೆಂಡತಿ ಹುಡುಕಿದ್ದರಲ್ಲೂ ತಪ್ಪಿಲ್ಲ. ಯಾರನ್ನಾದರೂ ನಾಲ್ಕು ಬೈದು ಹಗುರಾಗೋಣವೆಂದರೆ, ಬೈಯಲೂ ಒಬ್ಬರಿಲ್ಲ. ಅವನು ಗೋಡೆಯ ವೇಳಾಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಓದಿದ.

ಬೇಡ ಎಂದುಬಿಡೋಣ ಎಂದು ಬಾಯಿ ತೆರೆದ. ಪಕ್ಕದ ಕೋಣೆಯಲ್ಲಿ ಮಗಳು ಕಪ್ಪುಹಲಗೆಯ ಮುಂದೆ ನಿಂತಿದ್ದಳು. ಮುದಿ ಮೇಷ್ಟ್ರೊಬ್ಬರು ಕೈಕಟ್ಟಿ ನೋಡುತ್ತಿದ್ದರು. ಅವಳು ಏನೋ ಅಳಿಸಿದಳು, ಮತ್ತೆ ಬರೆದಳು, ಗಕ್ಕನೆ ತಿರುಗಿ ಕೂಗಿದಳು: "ಅಪ್ಪಾ! ಬಂತು ನೋಡು, ನಂಗೇ ಬಂತು!"

ಅವನು ಬಾಯಿ ಮುಚ್ಚಿಕೊಂಡ.

ಅರ್ಜಿಯ ಕೊನೆಯಲ್ಲಿ, ವ್ಯಾನಿನಿಂದ ಮಗುವನ್ನು ಇಳಿಸಿಕೊಳ್ಳುವವರ ಹೆಸರು ಕೇಳಿದ್ದರು. ಅವನು ಅಭ್ಯಾಸಬಲದಿಂದ ತನ್ನ ಹೆಸರು ಬರೆದ. ವ್ಯಾನು ಮನೆ ಮುಟ್ಟುವುದು ಎಂಟೂವರೆಗೆ. ಗೀಟು ಹಾಕಿ, ಪಕ್ಕದಲ್ಲಿ ಹೆಂಡತಿಯ ಹೆಸರು ಬರೆದ.

ಮಗಳು ಓಡಿಬಂದು ಹೆಗಲ ಮೇಲಿಂದ ಇಣುಕಿದಳು. "ನಿನ್ನ ಹೆಸರು ಯಾಕೆ ಹೊಡೆದು ಹಾಕ್ದೆ?"

"ತಪ್ಪಿ ಬರೆದೆ ಮರಿ."

ಅವಳು ನಂಬಿದಳು. ಬಳಪದ ಪುಡಿ ಮೆತ್ತಿದ ಬೆರಳಿನಿಂದ ಅವನ ಹುಬ್ಬು ತಡಕಾಡಿದಳು. ಶಾಲೆಗೆಂದು ಉಜ್ಜಿ ತೊಳೆದು ಬಂದಿದ್ದ, ಹಿಟ್ಟು ಸಿಗಲಿಲ್ಲ.

"ಅಪ್ಪಾ, ದಿನಾ ಸಂಜೆ ಬಂದು ನಿಂಗೂ ಲೆಕ್ಕ ಹೇಳಿಕೊಡ್ತೀನಿ. ನೀರು ಕುಡಿಯೋ ನೆಪ ಎಲ್ಲ ನಡೆಯಲ್ಲ, ಗೊತ್ತಾಯ್ತಾ?"

"ಆಯ್ತು ಮರಿ, ಕೂತೇ ಇರ್ತೀನಿ" ಎಂದ ಅವನು.