ಹಗ್ಗದಾಚೆ ನಿಂತವನ ಹೆಬ್ಬೆಟ್ಟು

"ಎಂತ ಬೇವರ್ಸಿ ಮಾರಾಯ ನೀನು! ಒಂದು ಹೆಬ್ಬೆಟ್ಟು ಒತ್ಲಿಕ್ಕೆ ಇಷ್ಟು ಹೊತ್ತಾ?"

ವಸಂತಕುಮಾರ ಶಾಯಿಪ್ಯಾಡನ್ನು ಮೇಜಿಗೆ ಕುಕ್ಕಿದ. ಉಡುಪಿ ಕಡೆಯವನು. ಮಹಾನಗರದ ಅಂಚಿನ ಕಲ್ಯಾಣದಾಚೆಯ ಬಯಲಿನಿಂದ ದುಡ್ಡುಳ್ಳವರನ್ನು ಮೇಲಕ್ಕೆ ಹಾರಿಸಿ, ಅವರವರ ಟವರುಗಳನ್ನು ಅವರಿಗೇ ತೋರಿಸಿ ಇಳಿಸುವ ಪುಟ್ಟ ವಿಮಾನದ ಒಡೆಯ. ಎದುರಿಗೆ ನಿಂತಿದ್ದ ಮಾಪಣ್ಣ ಕಲಬುರಗಿ ಕಡೆಯ ಹೊಲಗೇರಿಯವನು. ವಿಮಾನ ತೊಳೆಯುವುದು, ಎಂಜಿನ್ನಿನ ಹೊಲಸು ಎಣ್ಣೆ ಬಸಿಯುವುದು ಅವನ ಕೆಲಸ. ಮೆಕ್ಯಾನಿಕ್ ಬಿಟ್ಟುಹೋಗಿ ವರ್ಷವಾಗಿತ್ತು. ಬೇರೊಬ್ಬನನ್ನು ಇಡುವಷ್ಟು ಪುರುಸೊತ್ತು ಒಡೆಯನಿಗೆ ಸಿಕ್ಕಿರಲಿಲ್ಲ.

"ಎಣ್ಣಿ ಸೋರಾಕತ್ತದ್ರೀ, ಫಿಲ್ಟರ್ ಬದಲಿ ಮಾಡಸ್ರಿ" ಎಂದು ಮಾಪಣ್ಣ ಮೂರು ಸಲ ಬಡಕೊಂಡಿದ್ದ. ವಸಂತಕುಮಾರ ಮಹಾ ಮುತುವರ್ಜಿಯಿಂದ ವಿಮಾನಕ್ಕೆ ಹೊಸ ನಿಂಬೆಹಣ್ಣು ಕಟ್ಟಿಸಿದ್ದ. ಸೋಮವಾರ ಎಂಜಿನ್ ನಡುಆಕಾಶದಲ್ಲಿ ಕಚ್ಚಿಕೊಂಡು ನಿಂತು, ವಿಮಾನ ವಿಠ್ಠಲವಾಡಿಯಾಚೆ ಪಾಲಕ್ ಸೊಪ್ಪಿನ ಹೊಲಕ್ಕೆ ಬಿತ್ತು. ಪೈಲಟ್ ಯೋಗೀಶನ ಎರಡೂ ಕಾಲು ಮುರಿದವು. ನಿಂಬೆಹಣ್ಣಿಗೆ ಏನೂ ಆಗಲಿಲ್ಲ.

ಇಡೀ ಆಫೀಸಿನಲ್ಲಿ ಮಾಪಣ್ಣನ ಪಕ್ಕ ಕೂತು ಚಹಾ ಕುಡಿಯುತ್ತಿದ್ದವನು ಯೋಗೀಶನೊಬ್ಬನೇ.

ಈಗ ತನಿಖೆ. ರಿಜಿಸ್ಟರಿನಲ್ಲಿ ಹೊಸದಾಗಿ ಒಂದು ಸಾಲು ಹುಟ್ಟಿಕೊಂಡಿತ್ತು: ಎಂಜಿನ್ ಬಿಚ್ಚಿ ಫಿಲ್ಟರ್ ಹಾಕಿದವನು ಮಾಪಣ್ಣ. ಅಂದರೆ ಕೆಡಿಸಿದವನೂ ಅವನೇ.

"ಒತ್ತು. ಜೈಲಾದ್ರೆ ಎಂತ, ನಿನ್ನ ಹೆಂಡ್ತಿಯನ್ನು ನಾನು ನೋಡ್ಕೊಳ್ತೇನೆ."

ಒಡೆಯ ನೋಡಿಕೊಂಡ ವಿಮಾನದ ಗತಿ ಮಾಪಣ್ಣನ ಕಣ್ಣ ಮುಂದೆಯೇ ಇತ್ತು.

ತನಿಖಾಧಿಕಾರಿ ಅನಂತರಾಮ ಗೋಡಂಬಿ ಜಗಿಯುತ್ತ ವಾಚು ನೋಡಿಕೊಂಡ. "ಬೇಗ ಮುಗಿಸಪ್ಪಾ. ನೆರೂಳಕ್ಕೆ ಹೋಗ್ಬೇಕು, ಟ್ರಾಫಿಕ್ ಶುರುವಾಗುತ್ತೆ."

"ನಾ ಇದನ್ನ ಯಾವತ್ತ ಮಾಡೀನಂತ ಬರದದ್ರೀ, ಸಾಹೇಬ್ರ?"

"ಅಕ್ಟೋಬರ್ ಐದು, ಎರಡು ಸಾವಿರದ ಹನ್ನೊಂದು."

"ಆಯುಧಪೂಜೆ ಸಾರ್" ಎಂದ ವಸಂತಕುಮಾರ, ಎದೆ ಉಬ್ಬಿಸಿ. "ಒಳ್ಳೆ ದಿನ ಅಂತ ಅವತ್ತೇ ಮಾಡ್ಸಿದ್ದು."

ಮಾಪಣ್ಣನಿಗೆ ನಗು ಬಂತು. ಒಳ್ಳೆಯ ದಿನವೇ. ಅವತ್ತು ಬೆಳಿಗ್ಗೆ ಪೂಜೆಗೆ ಬಂದ ಭಟ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ, "ಇವ ಯಾವ ಜನ?" ಎಂದು ಕೇಳಿದ್ದರು. ಆಮೇಲೆ ವಸಂತಕುಮಾರ ವಿಮಾನದ ಸುತ್ತ ಹಗ್ಗ ಕಟ್ಟಿಸಿ ಗದರಿದ್ದ: "ನಾಳೆವರೆಗೆ ಇದನ್ನು ದಾಟಿದ್ರೆ ಕಾಲು ಮುರೀತೇನೆ." ವರ್ಷವಿಡೀ ಮೊಣಕೈವರೆಗೆ ಎಂಜಿನ್ನಿನೊಳಗಿದ್ದ ಕೈಗೆ ಆ ಒಂದು ದಿನ ಮೈಲಿಗೆ ಅಂಟಿಕೊಂಡಿತ್ತು. ಪ್ರಸಾದವನ್ನೂ ಹಗ್ಗದ ಮೇಲಿಂದಲೇ ಎಸೆದಿದ್ದರು.

ಒಡೆಯನ ಭಕ್ತಿ ಅಷ್ಟಕ್ಕೇ ನಿಂತಿರಲಿಲ್ಲ. ಪೂಜೆಯ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದ್ದ.

ಮಾಪಣ್ಣ ಸೀದಾ ಹೋಗಿ ಅದನ್ನು ಮೊಳೆಯಿಂದ ಇಳಿಸಿದ.

"ಏಯ್ ಬೋಳಿಮಗನೆ, ಮುಟ್ಬೇಡ ಅದನ್ನ! ದೇವರುಂಟು ಅದ್ರಲ್ಲಿ!"

"ಆವತ್ತೂ ಇದನ್ನ ಅಂದಿದ್ರಲ್ರೀ ಸಾವ್ಕಾರ್ರ. ಮುಟ್ಟಬ್ಯಾಡ ಅಂದ್ರಿ. ನಾ ಮುಟ್ಟಿಲ್ಲ."

ಫೋಟೋವನ್ನು ತಂದು ರಿಜಿಸ್ಟರಿನ ಮೇಲೆಯೇ ಇಟ್ಟ. ಚೆಂಡುಹೂವಿನ ಹಾರದಲ್ಲಿ ಮುಳುಗಿದ ವಿಮಾನ, ಮಂಗಳಾರತಿ ಹಿಡಿದ ಭಟ್ಟರು, ಕೈಮುಗಿದ ವಸಂತಕುಮಾರ. ಮೂಲೆಯಲ್ಲಿ, ಹಗ್ಗದಾಚೆ, ಪೊರಕೆ ಹಿಡಿದ ಮಾಪಣ್ಣ. ಕೆಳಗೆ ಕ್ಯಾಮೆರಾ ಮೂಡಿಸಿದ ಕೆಂಪು ಅಂಕಿಗಳಲ್ಲಿ ಅದೇ ತಾರೀಖು.

ಅನಂತರಾಮನ ಬಾಯಲ್ಲಿದ್ದ ಗೋಡಂಬಿ ಅಲ್ಲೇ ನಿಂತಿತು.

ಮಾಪಣ್ಣ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ, ಗಾಜಿನ ಮೇಲೆ, ಹಗ್ಗದಾಚೆ ನಿಂತ ತನ್ನ ಮೇಲೆಯೇ ಬಲವಾಗಿ ಊರಿದ.

"ನಾ ಇದ್ದದ್ದು ಇಲ್ಲೇರೀ, ಸಾಹೇಬ್ರ. ಒತ್ತೀನಿ, ನೋಡ್ರಿ. ಹಗ್ಗದ ಒಳಗ ಇದ್ದವ್ರ ಹೆಬ್ಬೆಟ್ಟು ಈಗ ತಗೊಳ್ರಿ."