ಹೊಸ್ತಿಲ ಮೇಲಿನ ಸೆಮಿಫೈನಲ್

ಕ್ರಿಕೆಟ್ಟಿನ ಸೋಲು ಗಂಡಸರಿಗೆ ಮಾತ್ರ ನೋಯುತ್ತದೆ ಎಂದು ನಮ್ಮ ಕಡೆ ಒಂದು ನಂಬಿಕೆ ಇದೆ. ಎಂಬತ್ತೇಳರ ವಿಶ್ವಕಪ್ಪಿನ ಮಾತು ಬಂದರೆ ಸಾಕು, ದಾವಣಗೆರೆಯ ಯಾವ ಗಂಡಸಾದರೂ ನಿಟ್ಟುಸಿರು ಬಿಟ್ಟು, ಇಂಗ್ಲಿಷರ ಗೂಚ್ ಹೇಗೆ ಮೊಣಕಾಲೂರಿ ನಮ್ಮ ಸ್ಪಿನ್ನರುಗಳನ್ನು ಬಡಿದ ಎಂದು ಕೈ ಬೀಸಿ ತೋರಿಸುತ್ತಾನೆ. ನನ್ನನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ನಾನು ಹರಿಹರದವಳು. ಅಪ್ಪ ಹಾಲೇಶಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಳು. ಅಪ್ಪನ ಪಾಲಿಗೆ ಉಳಿದದ್ದು ನಾನು ಮತ್ತು ಒಂದು ರೇಡಿಯೋ. ಪಕ್ಕದ ಮನೆಯ ಮಕ್ತುಮ್ ಸಾಬರೂ ಅದೇ ಕಾರ್ಖಾನೆಯಲ್ಲಿದ್ದರು. ಕಾಮೆಂಟರಿ ಇದ್ದ ದಿನ ಇಬ್ಬರೂ ಹೇಗೋ ಪಾಳಿ ಬದಲಿಸಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂತುಬಿಡುತ್ತಿದ್ದರು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಹೈಸ್ಕೂಲಿಗೆ ಹೋಗುವ ನಾನು ಅರ್ಥ ಹೇಳಬೇಕಾಗಿತ್ತು. ಹೇಳುತ್ತ ಹೇಳುತ್ತ ನನಗೇ ಹುಚ್ಚು ಹಿಡಿಯಿತು. ಎಪ್ಪತ್ತೊಂಬತ್ತರ ವಿಶ್ವಕಪ್ಪಿನಲ್ಲಿ ನಮ್ಮವರು ಶ್ರೀಲಂಕಾದ ಕೈಯಲ್ಲೂ ಸೋತ ಸುದ್ದಿ ಬಂದಾಗ ಅಪ್ಪ ರೇಡಿಯೋದ ಮೇಲೆ ಟವಲು ಹೊದಿಸಿ, "ಇದಕ್ಕೂ ಒಂಚೂರು ನಾಚ್ಕೆ ಆಗ್ಲಿ" ಎಂದರು. ನಾವು ಮೂವರೂ ಅವತ್ತು ಅತ್ತೆವೋ ನಕ್ಕೆವೋ ನನಗೆ ಈಗ ನೆನಪಿಲ್ಲ. ಆದರೆ ಅಂಥ ಸೋಲು ನಿಜಕ್ಕೂ ಸುಖದ ಸೋಲು.

ನನ್ನನ್ನು ಕೊಟ್ಟದ್ದು ದಾವಣಗೆರೆಯ ಪಿ.ಜೆ. ಬಡಾವಣೆಗೆ. ಮಾವ ಬಕ್ಕೇಶಪ್ಪನವರದು ದಲ್ಲಾಳಿ ಅಂಗಡಿ, ಗಂಡ ಕರಿಬಸವರಾಜ ಅದೇ ಅಂಗಡಿಯ ಗಲ್ಲಾದಲ್ಲಿ. ತವರಿಗೂ ಗಂಡನ ಮನೆಗೂ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಇಷ್ಟು ಹತ್ತಿರ ಕೊಟ್ಟಿದ್ದೀನಿ, ಮನಸ್ಸಾದಾಗ ಬರಬಹುದು ಎಂದು ಅಪ್ಪ ಹಿಗ್ಗಿದ್ದರು. ಆ ದಾರಿ ಎಷ್ಟು ಉದ್ದ ಎಂದು ಅವರಿಗೆ ಗೊತ್ತಿರಲಿಲ್ಲ.

ಮದುವೆಯಾದ ವರ್ಷವೇ ಎಂಬತ್ಮೂರರ ಫೈನಲ್ ಬಂತು. ಊರಲ್ಲಿ ಆಗಿನ್ನೂ ಟೀವಿ ಇರಲಿಲ್ಲ. ನಡುಮನೆಯಲ್ಲಿ ಮಾವ, ನನ್ನ ಗಂಡ, ಅಂಗಡಿಯ ಗುಮಾಸ್ತ ಉಜ್ಜನಪ್ಪ, ಅಕ್ಕಪಕ್ಕದವರು ಎಲ್ಲ ರೇಡಿಯೋ ಸುತ್ತ ಕೂತಿದ್ದರು. ರಿಚರ್ಡ್ಸ್ ಹೊಡೆಯುವ ರೀತಿಗೆ ಎಲ್ಲರ ಮುಖ ಸುಟ್ಟ ಬದನೆಕಾಯಿ ಆಗಿತ್ತು. ನಾನು ಮಜ್ಜಿಗೆ ತಂಬಿಗೆ ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದೆ, ಅಷ್ಟೆ. ಕಪಿಲ್ ಹಿಂದಕ್ಕೆ ಓಡಿ ಕ್ಯಾಚು ಹಿಡಿದ. ಕಾಮೆಂಟರಿ ಹೇಳುವವನು ಏನು ಕೂಗಿದ ಎಂದು ನಾನು ಬಿಡಿಸಿ ಹೇಳಿದ ಮೇಲೆ ಮನೆ ಹಾರಿಹೋಗುವಂಥ ಗದ್ದಲ. ನಾನು ಮುಂದೆ ಹೆಜ್ಜೆ ಇಡಬೇಕು ಅನ್ನುವಷ್ಟರಲ್ಲಿ ಮಾವ ಕೈ ಎತ್ತಿದರು.

"ಅಲ್ಲೇ ನಿಂತ್ಕಳಮ್ಮ. ಅಲುಗಾಡಬ್ಯಾಡ."

ಹೊಸ್ತಿಲ ಮೇಲೆ ನಿಂತರೆ ಮನೆಗೆ ದರಿದ್ರ ಎಂದು ದಿನಕ್ಕೊಮ್ಮೆ ಬೈಯುತ್ತಿದ್ದ ಅತ್ತೆ ಸರ್ವಮಂಗಳಮ್ಮ ಅವತ್ತು ತುಟಿ ಪಿಟಕ್ ಅನ್ನಲಿಲ್ಲ. ಮ್ಯಾಚ್ ಮುಗಿಯುವ ತನಕ ತಂಬಿಗೆ ಹಿಡಿದು ನಿಂತೆ. ಗೆದ್ದೆವು. ಕಪ್ಪು ತಂದವನು ಕಪಿಲ್ ಅಲ್ಲ, ಬಕ್ಕೇಶಪ್ಪನವರ ಸೊಸೆ ಬಸವಣ್ಣೆಮ್ಮ ಎಂದು ಬೀದಿಯಲ್ಲೆಲ್ಲ ಆಯಿತು. ನನಗೂ ಒಳಗೊಳಗೇ ಖುಷಿಯಾಯಿತು ಎನ್ನಿ. ಹೊಸ ಸೊಸೆಗೆ ಹೊಗಳಿಕೆ ಸಿಗುವುದು ಅಪರೂಪ.

ಅಲ್ಲಿಂದ ಅದೇ ನನ್ನ ಜಾಗ. ಭಾರತ ಎಲ್ಲಿ ಆಡಿದರೂ ನಾನು ಹೊಸ್ತಿಲ ಮೇಲೆ, ಬಲಗಾಲು ನಡುಮನೆಯ ಕಡೆ, ಎಡಗಾಲು ಒಲೆಯ ಕಡೆ. ಗೆದ್ದರೆ ಜಾಗದ ಮಹಿಮೆ, ಸೋತರೆ ನಾನು ಸರಿಯಾಗಿ ನಿಂತಿರಲಿಲ್ಲ. ಬಸುರಿಯಿದ್ದಾಗಲೂ ಒಂದು ಮ್ಯಾಚಿಗೆ ನಿಂತೆ. ಆ ಬಸುರು ನಿಲ್ಲಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು, ಮನೆಯವರು ಅವರ ಮಾತನ್ನು ಕೂಡಲೇ ನಂಬಿದರು. ಬೇಕಾದಾಗ ಅವರು ಡಾಕ್ಟರನ್ನೂ ನಂಬುತ್ತಿದ್ದರು.

ಆಮೇಲೆ ಟೀವಿ ಬಂತು. ಕಲರ್ ಟೀವಿ. ಅದನ್ನು ಎಲ್ಲಿಟ್ಟರು ಗೊತ್ತೇ? ಅಡುಗೆಮನೆಯ ಗೋಡೆಗೆ ಒತ್ತಿಕೊಂಡು, ಬೀದಿಬಾಗಿಲ ಕಡೆ ಮುಖ ಮಾಡಿ. ಹೊಸ್ತಿಲ ಮೇಲೆ ನಿಂತರೆ ಅದರ ಬೆನ್ನು ಕಾಣುತ್ತಿತ್ತು, ವೈರು ಕಾಣುತ್ತಿತ್ತು. ಸ್ವಲ್ಪ ತಿರುಗಿಸಿ ಇಡಿ ಎಂದು ಗಂಡನಿಗೆ ಹೇಳಿದೆ. "ನಿಂಗೆ ಕೇಳ್ಸುತ್ತಲ್ಲ, ಸಾಕು ಬಿಡು" ಎಂದರು. ಹೀಗೆ ಎಂಬತ್ತೇಳರ ಇಡೀ ವಿಶ್ವಕಪ್ಪನ್ನು ನಾನು ಗಂಡಸರ ಮುಖದಲ್ಲಿ ನೋಡಿದೆ. ಬೌಂಡರಿ ಹೋದರೆ ಉಜ್ಜನಪ್ಪನ ಬಾಯಿ ತೆರೆದುಕೊಳ್ಳುತ್ತಿತ್ತು. ವಿಕೆಟ್ ಬಿದ್ದರೆ ಮಾವ ಮೂಗು ತಿಕ್ಕಿಕೊಳ್ಳುತ್ತಿದ್ದರು. ಇಂಗ್ಲಿಷ್ ಕಾಮೆಂಟರಿ ಶುರುವಾದರೆ ಮಾತ್ರ ಎಲ್ಲ ನನ್ನ ಕಡೆ ತಿರುಗಿ, "ಏನಂದ, ಏನಂದ?" ಎನ್ನುತ್ತಿದ್ದರು. ಕಾಣದ ಆಟಕ್ಕೆ ನಾನು ಅರ್ಥ ಹೇಳುತ್ತಿದ್ದೆ.

ಆ ಹೊತ್ತಿಗೆ ಅಪ್ಪನಿಗೆ ಉಬ್ಬಸ ಹೆಚ್ಚಾಗಿತ್ತು. ಕೆಲಸ ಬಿಟ್ಟು ಮನೆಯಲ್ಲೇ ಇದ್ದರು, ಮಕ್ತುಮ್ ಸಾಬರ ಹೆಂಡತಿ ಹಜೀರಾಬೀ ಗಂಜಿ ಕಾಯಿಸಿ ಕೊಡುತ್ತಿದ್ದರು. ಸೆಮಿಫೈನಲ್ಲಿನ ಹಿಂದಿನ ದಿನ ಲಾಹೋರಿನಲ್ಲಿ ಪಾಕಿಸ್ತಾನ ಆಸ್ಟ್ರೇಲಿಯಾಕ್ಕೆ ಸೋತಿತ್ತು. ಇನ್ನು ಕಪ್ಪು ನಮ್ಮದೇ ಎಂದು ಊರಿಗೆ ಊರೇ ಬೀಗುತ್ತಿತ್ತು. ಆ ಖುಷಿಯಲ್ಲಿ ಮಾವನನ್ನು ಕೇಳಿದರೆ ಒಪ್ಪಬಹುದು ಎನಿಸಿತು.

"ಮಾವಾರೆ, ಅಪ್ಪಂಗೆ ಭಾಳ ಕಷ್ಟ ಆಗೈತಂತೆ. ನಾಳೆ ಒಂದಿನ ಹರಿಹರಕ್ಕೆ ಹೋಗಿ ಬರ್ತೀನಿ" ಎಂದೆ. ನಾಳೆಯ ಮ್ಯಾಚನ್ನು ಅಪ್ಪನ ಮಗ್ಗುಲಲ್ಲಿ ಕೂತು ರೇಡಿಯೋದಲ್ಲಿ ಕೇಳಬೇಕು ಎಂಬ ಆಸೆಯನ್ನು ಬಾಯಿಬಿಟ್ಟು ಹೇಳಲಿಲ್ಲ.

ಮಾವ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು. "ಸೆಮಿಫೈನಲ್ ಐತಲ್ಲಮ್ಮ. ಮುಗೀಲಿ. ನಾಡಿದ್ದು ಕಾರ್ನಾಗೆ ಕಳಿಸ್ತೀನಿ, ನಾಲ್ಕು ದಿನ ಇದ್ದು ಬಾ."

ಮಾರನೆಯ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಹೊಸ್ತಿಲು ಹತ್ತಿದೆ. ಗೂಚ್ ಶತಕ ಹೊಡೆದ. ಸ್ವೀಪ್ ಅಂದರೇನು ಎಂದು ಉಜ್ಜನಪ್ಪ ಕೇಳಿದ. "ಕಸ ಗುಡಿಸ್ದಂಗೆ ಹೊಡೆಯೋದು" ಎಂದೆ. "ಹಂಗಾರೆ ನಮ್ ಹೆಂಗಸ್ರನ್ನೇ ಕಳಿಸ್ಬೋದಿತ್ತು" ಎಂದ. ಎಲ್ಲ ನಕ್ಕರು. ನಮ್ಮ ಸರದಿ ಬಂದು ಗಾವಸ್ಕರ್ ನಾಲ್ಕಕ್ಕೆ ಬೌಲ್ಡ್ ಆದಾಗ ನಗು ನಿಂತಿತು. ನನ್ನ ಕಾಲುಗಳನ್ನು ಗಂಡ ಎದ್ದು ಬಂದು ಪರೀಕ್ಷೆ ಮಾಡಿದರು. ಬಲಗಾಲು ಸ್ವಲ್ಪ ಮುಂದಿದೆ ಎಂದು ಹಿಂದೆ ಇಡಿಸಿದರು.

ಮಧ್ಯಾಹ್ನ ಕಪಿಲ್ ಮತ್ತು ಅಜರುದ್ದೀನ್ ಆಡುತ್ತಿದ್ದಾಗ ಬೀದಿಬಾಗಿಲಲ್ಲಿ ಮಕ್ತುಮ್ ಸಾಬರು ಬಂದು ನಿಂತರು. ಬಸ್ ಸ್ಟ್ಯಾಂಡಿನಿಂದ ಓಡಿಕೊಂಡೇ ಬಂದಿದ್ದರೇನೋ, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅವರು ಕಾಲಿಡುವುದಕ್ಕೂ ಒಂದು ಬೌಂಡರಿ ಹೋಗುವುದಕ್ಕೂ ಸರಿಹೋಯಿತು.

"ಬರ್ರಿ ಸಾಬ್ರೆ, ಒಳ್ಳೇ ಕಾಲ್ಗುಣ ನಿಮ್ದು. ಅಲ್ಲೇ ಕೂಡ್ರಿ, ಎದ್ದೇಳಬ್ಯಾಡ್ರಿ" ಎಂದರು ಮಾವ.

ಸಾಬರು ಕೂರಲಿಲ್ಲ. "ಬಕ್ಕೇಶಪ್ಪಾರೆ, ಹಾಲೇಶಪ್ಪನ ತಬಿಯತ್ತು ಖರಾಬಾಗೈತ್ರಿ. ಉಸ್ರು ಸಿಗವಲ್ದು. ಮಗಳನ್ನ ಕರ್ಕಂಡು ಬಾ ಅಂತ ಕಳಿಸ್ಯಾನೆ. ಈಗಿಂದೀಗ್ಲೇ ಕಳಿಸ್ಕೊಡ್ರಿ."

ನಾನು ಹೊಸ್ತಿಲು ಇಳಿದೆ. ನಡುಮನೆ ದಾಟಿ ಸಾಬರ ಹತ್ತಿರ ಹೋಗುವಷ್ಟರಲ್ಲಿ ಟೀವಿಯಲ್ಲಿ ಬಾಂಬೆಯ ಜನ ಹೋ ಎಂದರು. ತಿರುಗಿ ನೋಡಿದೆ. ಆ ಟೀವಿಯಲ್ಲಿ ನಡೆಯುತ್ತಿದ್ದ ಮ್ಯಾಚನ್ನು ನಾನು ಮೊದಲ ಸಲ ಕಣ್ಣಿಂದ ನೋಡಿದ್ದು ಆಗಲೇ. ಕಪಿಲ್ ಎತ್ತಿ ಹೊಡೆದ ಚೆಂಡು ಗ್ಯಾಟಿಂಗ್ ಕೈಯಲ್ಲಿತ್ತು.

ಯಾರೂ ಟೀವಿ ನೋಡುತ್ತಿರಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು.

"ಯಾಕ ಇಳ್ದೆ?" ಎಂದರು ಗಂಡ. ಕೂಗಲಿಲ್ಲ, ಮೆತ್ತಗೇ ಕೇಳಿದರು. ಅವರು ಮೆತ್ತಗೆ ಮಾತಾಡಿದಾಗಲೇ ನನಗೆ ಹೆಚ್ಚು ಭಯ.

"ಅಪ್ಪಂಗೆ ಉಸ್ರು..."

"ಕೇಳ್ಸಿತು. ಅಜರ್ ಇನ್ನೂ ಐದಾನೆ. ಹೋಗಿ ನಿಂತ್ಕ. ಈಗ ಹೋದ್ಯಾ, ತಿರುಗಿ ಈ ಮನಿಗೆ ಬರಬ್ಯಾಡ."

ಮಾವ ಗಂಡನಷ್ಟು ಕೆಟ್ಟವರಲ್ಲ, ಅವರಿಗೆ ತಮ್ಮ ಒಳ್ಳೆಯತನ ತೋರಿಸಿಕೊಳ್ಳುವುದು ಬಲು ಇಷ್ಟ. "ಬಸ್ಸಿಗೆ ಹೋದ್ರೆ ಕಾಯ್ಬೇಕು, ನಿಂತ್ಕಂಡು ಹೋಗ್ಬೇಕು. ಇದು ಮುಗಿದ ತಕ್ಷಣ ಕಾರ್ನಾಗೆ ಕಳಿಸ್ತೀನಿ ಸಾಬ್ರೆ. ಅದೇ ಜಲ್ದಿ ಆಗ್ತತೆ" ಎಂದರು. ಅತ್ತೆ ಬಂದು ನನ್ನ ರಟ್ಟೆ ಹಿಡಿದು ಹೊಸ್ತಿಲ ಮೇಲೆ ನಿಲ್ಲಿಸಿ ಹೋದರು.

ಹೊರಟುಹೋಗಬಾರದಿತ್ತೇ ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಎಲ್ಲಿಗೆ? ಮಕ್ಕಳಿಲ್ಲದ ಸೊಸೆ, ಗಂಡ ಬರಬೇಡ ಎಂದ ಮೇಲೆ, ಸಾಯುತ್ತಿರುವ ಅಪ್ಪನ ಮನೆಗೆ. ಅಲ್ಲಿಗೆ ಹೋಗಿ ಏನು ಹೇಳಲಿ? ನಿನ್ನ ಕೊನೆ ನೋಡಲು ಬಂದೆ, ನನ್ನ ಬಾಳೂ ಮುಗಿಸಿಕೊಂಡು ಬಂದೆ ಎನ್ನಲೇ? ನಿಂತೆ. ಮಕ್ತುಮ್ ಸಾಬರು ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತೇ ಇದ್ದರು. ನಡುವೆ ಒಂದು ಮನೆ ತುಂಬ ಗಂಡಸರು. ಅವರ ತಲೆಗಳ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ಅವತ್ತು ಮೊದಲ ಸಲ ನಾನು ಮನಸ್ಸಿನಲ್ಲಿ ಭಾರತ ಸೋಲಲಿ ಎಂದು ಬೇಡಿಕೊಂಡೆ. ಬೇಗ ಸೋಲಲಿ, ಎಲ್ಲರೂ ಒಟ್ಟಿಗೆ ಔಟಾಗಲಿ ಎಂದು.

ಸುಮಾರು ಹಾಗೇ ಆಯಿತು. ಅಜರ್ ಎಲ್‌ಬಿಡಬ್ಲ್ಯು ಆದ. ಅವನ ಹಿಂದೆ ಮೋರೆ, ಪ್ರಭಾಕರ್, ಚೇತನ್ ಶರ್ಮ, ಕೊನೆಗೆ ಶಾಸ್ತ್ರಿ. ಮಾವನ ಮೂಗು ಕೆಂಪಗಾಯಿತು. ಉಜ್ಜನಪ್ಪ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಒಂದು ಆಟಕ್ಕೆ ಅಷ್ಟು ಕಣ್ಣೀರು ಇದ್ದ ಆ ಮನೆಯಲ್ಲಿ ನನಗಾಗಿ ಒಂದು ಹನಿ ಇರಲಿಲ್ಲ.

ನಾನು ಸೆರಗು ಸರಿಮಾಡಿಕೊಂಡು, "ಮಾವಾರೆ, ಕಾರು" ಎಂದೆ.

"ಡ್ರೈವರ್ ಬ್ಯಾಸರ ಮಾಡ್ಕಂಡು ಮನೀಗೆ ಹೋದ ಕಣಮ್ಮ" ಎಂದರು ಅವರು, ನನ್ನ ಮುಖ ನೋಡದೆ. "ಬಸ್ಸಿಗೆ ಏನು ಬರ?"

ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅತ್ತೆ ಮಾತ್ರ ಮಾತಾಡಿಸಿದರು. ಕಾಫಿ ಲೋಟ ತೊಳೆದಿಟ್ಟು ಹೋಗು ಎಂದರು. ತೊಳೆದಿಟ್ಟು ಹೋದೆ.

ಬಸ್ಸಿನಲ್ಲಿ ಮಕ್ತುಮ್ ಸಾಬರು ನನಗೆ ಸೀಟು ಹಿಡಿದುಕೊಟ್ಟು ತಾವು ಕಂಬಿ ಹಿಡಿದು ನಿಂತರು. ಅಷ್ಟು ಹೊತ್ತು ಬಾಗಿಲಲ್ಲಿ ನಿಂತು ಅವರ ಕಾಲು ಬಾತಿದ್ದವು. "ಇನ್ನೂ ಇರ್ತಾನೆ ಬೇಟಿ. ಗಟ್ಟಿ ಮನುಷ್ಯ" ಎಂದು ಒಂದೇ ಸಲ ಹೇಳಿದರು. ಬೀದಿಯ ತಿರುವಿನಲ್ಲೇ ನಮಗೆ ಗೊತ್ತಾಯಿತು. ಜಗಲಿಯ ಮೇಲೆ ಜನ ಇದ್ದರು.

ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆಗೆ ವಿಭೂತಿ ಹಚ್ಚಿದ್ದರು. ಹಜೀರಾಬೀ ನನ್ನನ್ನು ಅಪ್ಪಿಕೊಂಡು ಎಲ್ಲ ಹೇಳಿದರು. ಹೇಳಬಾರದಾಗಿತ್ತು, ಆದರೆ ಆಕೆಗೆ ಸುಳ್ಳು ಬರುವುದಿಲ್ಲ. "ಬಾಗ್ಲು ನೋಡ್ಕಂತನೇ ಇದ್ರವ್ವ. ಇನ್ನೂ ಬರ್ಲಿಲ್ವಲ್ಲ ಅಂತ ನಾನಂದ್ರೆ, ಪಾಪ, ಟೀವಿ ಮುಂದೆ ಕುಂತಿರ್ತಾಳೆ, ನೋಡ್ಲಿ ಬಿಡು, ರೇಡಿಯೋದಾಗೆ ಕೇಳಿ ಕೇಳಿ ಸಾಕಾಗಿತ್ತು ಅವಳ್ಗೆ ಅಂದ್ರು. ಮುಗಿದ ಮ್ಯಾಲೆ ಬಂದು ಎಲ್ಲಾ ಹೇಳ್ತಾಳೆ ಅಂದ್ರು."

ಮಗಳು ತನಗಿಂತ ಆಟವೇ ಹೆಚ್ಚೆಂದು ಕೂತಿದ್ದಾಳೆ ಎಂದುಕೊಂಡು ಅಪ್ಪ ಹೋದರು. ಬೇಸರವಿಲ್ಲದೆ ಹೋದರು, ಅದೇ ನನಗೆ ಸಹಿಸಲಾಗದ್ದು. ಬೈದು ಹೋಗಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮಾರನೆಯ ದಿನ ಮಣ್ಣು ಮಾಡುವ ಹೊತ್ತಿಗೆ ಕಾರು ಬಂತು. ಮಾವ, ಅತ್ತೆ, ಗಂಡ, ಮುಂದಿನ ಸೀಟಿನಲ್ಲಿ ಉಜ್ಜನಪ್ಪ. ಮಾವ ದೊಡ್ಡ ಹಾರ ತಂದಿದ್ದರು. ಗಂಡ ನನ್ನ ಹತ್ತಿರ ಬಂದು ನಿಂತರು. ಎರಡು ಮಾತು ಆಡುತ್ತಾರೆ ಎಂದುಕೊಂಡೆ. ಅವರು ಹಜೀರಾಬೀಯ ಕಡೆ ತಿರುಗಿ ಕೇಳಿದರು.

"ಎಷ್ಟೊತ್ತಿಗೆ ಹೋದ್ರು?"

ನನ್ನ ಎದೆ ಕರಗಿತು. ಕೇಳಬೇಕು ಅಂತಲಾದರೂ ಅನಿಸಿತಲ್ಲ ಎಂದು.

"ಕಾರ್ಖಾನ್ಯಾಗೆ ನಾಕರ ಸೈರನ್ ಕೂಗ್ತಿತ್ರಿ" ಎಂದರು ಹಜೀರಾಬೀ.

ಗಂಡ ಮಾವನ ಮುಖ ನೋಡಿದರು. ಮಾವ ಉಜ್ಜನಪ್ಪನ ಮುಖ ನೋಡಿದರು. "ಅಜರ್ ಹೋಗಿದ್ದೂ ಅದೇ ಹೊತ್ತಲ್ರಿ" ಎಂದ ಉಜ್ಜನಪ್ಪ, ದನಿ ತಗ್ಗಿಸಿ.

"ಅದಕ್ಕೇ ಮತ್ತೆ" ಎಂದರು ಗಂಡ. "ಸೂತಕದಾಗೆ ನಿಂತಿದ್ಲು."

ನಮ್ಮ ಜನರಲ್ಲಿ ಸೂತಕ ಇಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಮಠದಲ್ಲಿ ಭಾಷಣ ಮಾಡುತ್ತಿದ್ದವರು ಇದೇ ನನ್ನ ಮಾವ. ಆದರೆ ಅವತ್ತು ಅವರು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಮನೆಗೆ ಬಂದ ಮೇಲೆ ಮೊದಲ ಸಲ.

"ನಿಂದೇನೂ ತಪ್ಪಿಲ್ಲ ಬಿಡಮ್ಮ. ಕಪಿಲ್ ಒಬ್ಬ ಹೋಗಿದ್ದು ನೀನು ಇಳ್ದಿದ್ರಿಂದ. ಉಳಿದ ಐದು ವಿಕೆಟ್ ನಿಮ್ಮಪ್ಪಂದು."

ಆಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಸೋತದ್ದು ಯಾಕೆ ಎಂದು ಗೊತ್ತಾಗಿ ಮನಸ್ಸು ಹಗುರಾದ ನನ್ನ ಗಂಡ, ಮಣ್ಣು ಮುಗಿಸಿ ಬಂದು, ಅಪ್ಪನ ಮನೆಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಬಡಿಸಿದವಳು ನಾನು.